ಗುರುಸಿದ್ದಪ್ಪನ ಕೈಗನ್ನಡಿ

ನಾನು ಒಂದು ಕೈಗನ್ನಡಿ. ಯಾರದೋ ಬೀರುವಿಗೆ ಕತ್ತರಿಸಿ ಉಳಿದ ಗಾಜಿನ ತುಂಡಿನಿಂದ ಹುಟ್ಟಿದವನು. ಅಂಚು ಉಜ್ಜಿ, ಪ್ಲಾಸ್ಟಿಕ್ ಹಿಡಿಕೆ ಕೂರಿಸಿದರು. ಕ್ಷೌರಿಕ ಗುರುಸಿದ್ದಪ್ಪ ಕೊಂಡು ತಂದು ರಾಣೆಬೆನ್ನೂರಿನ ತನ್ನ ಅಂಗಡಿಯ ಮೊಳೆಗೆ ನೇತುಹಾಕಿದ.

ನನ್ನ ಕೆಲಸ ಒಂದೇ. ಕಟಿಂಗ್ ಮುಗಿದ ಮೇಲೆ ಗುರುಸಿದ್ದಪ್ಪ ನನ್ನನ್ನು ಗಿರಾಕಿಯ ತಲೆಯ ಹಿಂದೆ ಹಿಡಿದು, ‘ಸರಿ ಐತೇನ್ರಿ?’ ಎನ್ನುತ್ತಿದ್ದ. ಗೋಡೆಯ ದೊಡ್ಡ ಕನ್ನಡಿಯಲ್ಲಿ ನೋಡಿಕೊಂಡು ಗಿರಾಕಿ ತಲೆಯಾಡಿಸಬೇಕು. ಆಡಿಸುವ ತನಕ ಅವನು ಯಾರ ಕೊರಳಿನ ಬಟ್ಟೆಯನ್ನೂ ಬಿಚ್ಚುತ್ತಿರಲಿಲ್ಲ. ಹಾಗಾಗಿ ಊರಿನ ಹಿಂದಲೆಗಳನ್ನೆಲ್ಲ ಬಲ್ಲೆ. ಮುಖಗಳ ಪರಿಚಯ ಕಡಿಮೆ.

ಬೈಕಿನಿಂದ ಬಿದ್ದು ಗುರುಸಿದ್ದಪ್ಪನ ತಲೆಗೆ ಪೆಟ್ಟಾಯಿತು. ಆಪರೇಷನ್ ಆಗಿ ಕಣ್ಣು ತೆರೆಯಿತು. ಆದರೆ ಕಣ್ಣಿನ ಹಿಂದೆ ಅವನು ಇದ್ದಾನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕರೆದರೆ ತಿರುಗಲಿಲ್ಲ, ಡಾಕ್ಟರ್ ತಬಸ್ಸುಮ್ ಬೆರಳು ಆಡಿಸಿದರೆ ಕಣ್ಣು ಹಿಂಬಾಲಿಸಲಿಲ್ಲ.

‘ಅರಿವಿನ ಗುರುತು ಸಿಕ್ಕರೆ ಇಲ್ಲೇ ಇಟ್ಟುಕೊಂಡು ಥೆರಪಿ ಶುರು ಮಾಡ್ತೀವಿ. ಸಿಗದಿದ್ದರೆ ಮನೆಗೆ ಕರ್ಕೊಂಡು ಹೋಗಬೇಕಾಗುತ್ತೆ,’ ಎಂದು ಡಾಕ್ಟರ್ ಅವನ ಹೆಂಡತಿ ನೀಲವ್ವನಿಗೆ ಹೇಳಿದರು. ‘ಬೇರೆ ಏನನ್ನೂ ನೋಡದವರು ಕೆಲವೊಮ್ಮೆ ತಮ್ಮ ಮುಖ ನೋಡ್ತಾರೆ. ಒಂದು ಕನ್ನಡಿ ತರಿಸಿ.’

ಗುರುಸಿದ್ದಪ್ಪನ ತಮ್ಮ ಈರಣ್ಣ ಅಂಗಡಿಯಿಂದ ನನ್ನನ್ನು ತಂದ. ತಂದವನೇ ದಿಂಬಿನ ಆಚೆ ನಿಂತು ಅಣ್ಣನ ತಲೆಯ ಹಿಂದೆ ಹಿಡಿದ.

‘ಏನೋ ಈರಣ್ಣ, ಗಿರಾಕಿ ಅಂದ್ಕೊಂಡಿಯೇನು? ಮುಂದ ಹಿಡಿ!’ ಎಂದಳು ನೀಲವ್ವ.

ಮುಂದೆ ಹಿಡಿದ. ಗಡ್ಡ ಬೆಳೆದು ಕೆನ್ನೆ ಕುಸಿದ ಮುಖವೊಂದು ನನ್ನೊಳಗೆ ಬಿತ್ತು. ನನಗೇ ಗುರುತು ಸಿಗಲಿಲ್ಲ. ಡಾಕ್ಟರ್ ನನ್ನನ್ನು ಇಸಿದುಕೊಂಡು ನಿಧಾನವಾಗಿ ಎಡಕ್ಕೆ, ಬಲಕ್ಕೆ ಸರಿಸಿದರು. ಕಣ್ಣು ಅಲುಗಲಿಲ್ಲ.

‘ದಿನಾ ಗಡ್ಡಾ ಮಾಡ್ಕೊಳ್ಳೋ ಮನಶ್ಯಾರ್ರಿ ಇವರು. ಇದು ನನ್ನ ಮಾರಿ ಅಲ್ಲ ಅಂತ ಸುಮ್ನದಾರ,’ ಎಂದು ನೀಲವ್ವ ಹಟ ಹಿಡಿದಳು.

‘ಆಗಲಿ, ಗಡ್ಡ ತೆಗೀರಿ. ಗಾಯ ಮುಟ್ಟಬೇಡಿ.’

ಮರುದಿನ ಈರಣ್ಣ ಗಡ್ಡ ತೆಗೆದ. ಕೈ ತಪ್ಪಿ ಮೀಸೆಯ ಎಡತುದಿ ಗಿಡ್ಡವಾಯಿತು. ಡಾಕ್ಟರ್ ನನ್ನನ್ನು ಎತ್ತಿದರು. ಬಲಕ್ಕೆ ಸರಿದೆ, ಕಣ್ಣು ಬಂತು. ಎಡಕ್ಕೆ ಸರಿದೆ, ಬಂತು. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮತ್ತೆ ಸರಿಸಿದಾಗ ಬರಲಿಲ್ಲ. ಒಂದೇ ಕಡೆ ನಿಂತಿತ್ತು, ಆ ಗಿಡ್ಡ ಮೀಸೆಯ ಮೇಲೋ, ಏನೂ ಇಲ್ಲದ ಕಡೆಗೋ.

‘ಮೀಸಿ ನೋಡಿ ನನ್ನ ಬೈಯಾಕತ್ತಾನ,’ ಎಂದ ಈರಣ್ಣ.

‘ಬೈಲಿ ಬಿಡೋ. ಬೈಲಿ,’ ಎಂದಳು ನೀಲವ್ವ.

‘ನೋಡಿದ್ದಂತೂ ನಿಜ,’ ಎಂದರು ಡಾಕ್ಟರ್. ‘ಎಷ್ಟು ತಿಳೀತಿದೆ ಅಂತ ಈಗಲೇ ಹೇಳೋಕಾಗಲ್ಲ. ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು. ಸದ್ಯ ಇಲ್ಲೇ ಇರಲಿ.’

ಈಗ ನನ್ನ ಅಂಚು ಒಡೆದಿದೆ, ಬೆನ್ನಿನ ಲೇಪ ಎದ್ದಿದೆ. ಮಂಚದ ಪಕ್ಕ ಮಾತ್ರೆಗಳ ನಡುವೆ ಬಿದ್ದಿರುತ್ತೇನೆ. ಕೆಲವು ದಿನ ಕಣ್ಣು ನನ್ನ ಹಿಂದೆ ಬರುತ್ತದೆ, ಕೆಲವು ದಿನ ಇಲ್ಲ. ಬಂದ ದಿನವೂ ಅವನು ನೋಡಿದ್ದು ತನ್ನನ್ನೋ, ಬರೀ ಕಿಟಕಿಯ ಬೆಳಕನ್ನೋ, ನನಗೆ ತಿಳಿಯದು. ನನ್ನಲ್ಲಿ ಮುಖ ಬೀಳುತ್ತದೆ, ನೋಡುವವನು ಬೀಳುವುದಿಲ್ಲ.

ಇಂದು ಈರಣ್ಣ ಅಣ್ಣನ ಕೊರಳಿಗೆ ಬಟ್ಟೆ ಕಟ್ಟಿ ಮೀಸೆ ಸಮ ಮಾಡಿದ. ನನ್ನನ್ನು ಎದುರಿಗೆ ಹಿಡಿದು, ‘ಸರಿ ಐತೇನೋ ಅಣ್ಣಾ?’ ಎಂದ.

ಕೊರಳಿನ ಬಟ್ಟೆಯನ್ನು ಇನ್ನೂ ಬಿಚ್ಚಿಲ್ಲ.