ಶಾಫ್ಟಿನ ಮೇಲಿನ ಗೆರೆ

ಒಂದನೇ ಕ್ರೇನಿನ ಶಾಫ್ಟ್ ಮುರಿದು ಎರಕದ ಅಚ್ಚು ನೆಲಕ್ಕೆ ಬಿದ್ದಾಗ ಕೆಳಗೆ ಯಾರೂ ಇರಲಿಲ್ಲ. ಸದ್ದಿಗೆ ಎಲ್ಲರೂ ಶೆಡ್ಡಿನಿಂದ ಹೊರಗೆ ಓಡಿದರು. ಮ್ಯಾನೇಜರ್ ಒಬ್ಬರೇ ಒಳಗೆ ಓಡಿ ಬಂದರು. ಬಂದವರು ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಲಿಲ್ಲ. ಮೇಲಿನ ಕ್ಯಾಬಿನ್ನಿಗೆ ಬೆರಳು ತೋರಿಸಿ, "ಎಷ್ಟು ಭಾರ ಎತ್ತಿದೆಯಯ್ಯಾ?" ಎಂದು ಕೂಗಿದರು.

ಕ್ಯಾಬಿನ್ನಿನಲ್ಲಿದ್ದದ್ದು ನನ್ನ ಭಾವ, ಅಕ್ಕನ ಗಂಡ. ಅದೇ ಕಾರ್ಖಾನೆಯಲ್ಲಿ ನಾನು ರಿಪೇರಿ ವಿಭಾಗದ ಮೇಸ್ತ್ರಿ. ಭಾವ ಏಣಿ ಇಳಿದು ಬಂದು, "ದಿನಾ ಎತ್ತೋದೇ ಸಾರ್, ಅದೇ ಅಚ್ಚು," ಎಂದರು.

"ದಿನಾ ಎತ್ತೋದಾದ್ರೆ ಇವತ್ತು ಯಾಕೆ ಮುರೀತು?"

"ಅದನ್ನ ಶಾಫ್ಟನ್ನೇ ಕೇಳಿ!" ಎಂದು ನಡುವೆ ಬಾಯಿ ಹಾಕಿದವನು ನಾನು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತು. ಮ್ಯಾನೇಜರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನವೇ ಭಾವನನ್ನು ಕೆಲಸದಿಂದ ದೂರ ಇಟ್ಟರು. ಮಿತಿ ಮೀರಿ ಭಾರ ಎತ್ತಿದ ಎಂದು ಸಾಬೀತಾದರೆ ಲೈಸೆನ್ಸ್ ರದ್ದು. ಆಮೇಲೆ ಯಾವ ಕಾರ್ಖಾನೆಯವರೂ ಕ್ಯಾಬಿನ್ ಹತ್ತಿಸುವುದಿಲ್ಲ. ಆ ಮನುಷ್ಯನಿಗೆ ಬೇರೆ ಕೆಲಸವೇ ಬರುವುದಿಲ್ಲ. ಮನೆಯಲ್ಲಿ ಒಂದು ಬಲ್ಬ್ ಹಾಕುವುದಕ್ಕೂ ಅಕ್ಕನೇ ಸ್ಟೂಲ್ ಹತ್ತಬೇಕು.

ಅಕ್ಕ ನನ್ನ ಮೇಲೆ ಹರಿಹಾಯ್ದಳು. "ಬಾಯಿ ಇದೆ ಅಂತ ಊರೆಲ್ಲಾ ಜಗಳ ಆಡ್ತೀಯಲ್ಲ, ಇದಕ್ಕೊಂದು ಆಡು ನೋಡೋಣ."

ಆಡಿದೆ. ಮ್ಯಾನೇಜರ್ ಕೋಣೆಗೆ ಹೋಗಿ, ಮುರಿದ ತುಂಡನ್ನು ಪರೀಕ್ಷೆಗೆ ಕಳಿಸದೆ ಭಾವನ ಮೇಲೆ ಒಂದಕ್ಷರ ಬರೆದರೂ ನನ್ನ ವಿಭಾಗದವರು ಸ್ಪ್ಯಾನರ್ ಮುಟ್ಟುವುದಿಲ್ಲ ಎಂದೆ. ಅವರು ನನ್ನನ್ನು ಒರಟ ಎಂದರು. ನಾನು ಅವರನ್ನು ಏನೆಂದೆ ಅನ್ನುವುದು ಇಲ್ಲಿ ಬೇಡ. ತುಂಡು ಲ್ಯಾಬಿಗೆ ಹೋಯಿತು.

ಲ್ಯಾಬಿನಿಂದ ಬಂದ ಮೇಡಂ ಸಣ್ಣ ಆಳು. ಚೀಲದಿಂದ ಶಾಫ್ಟಿನ ತುಂಡನ್ನು ತೆಗೆದು, ಕೂಸನ್ನು ಮಲಗಿಸಿದ ಹಾಗೆ ಬಟ್ಟೆ ಹಾಸಿ ಮೇಜಿನ ಮೇಲಿಟ್ಟರು. ಮ್ಯಾನೇಜರ್, ಭಾವ, ನಾನು ಸುತ್ತ ಕುಳಿತಿದ್ದೆವು.

"ಮುರಿದ ಮುಖ ನೋಡಿ," ಎಂದರು ಮೇಡಂ. "ಅಂಚಿನ ಸುತ್ತ ನುಣುಪು. ನೀರಿಗೆ ಕಲ್ಲು ಹಾಕಿದಾಗ ಅಲೆ ಏಳುತ್ತಲ್ಲ, ಅಂಥ ಗೆರೆಗಳು. ಬಿರುಕು ಹೊರಗಿಂದ ಒಳಗೆ ದಿನಾ ಸ್ವಲ್ಪ ಸ್ವಲ್ಪ ತಿಂದುಕೊಂಡು ಹೋಗಿದೆ. ನಡುವೆ ಮಾತ್ರ ಒರಟು. ಕೊನೇ ಗಳಿಗೆಯಲ್ಲಿ ಪಟ್ ಅಂತ ಮುರಿದದ್ದು ಅಷ್ಟು ಜಾಗ, ಒಂದು ಬಾಟಲಿ ಮುಚ್ಚಳದಷ್ಟು. ಅತಿಯಾದ ಭಾರಕ್ಕೆ ಮುರಿದಿದ್ರೆ ಮುಖ ಎಲ್ಲಾ ಒರಟಾಗಿರ್ತಿತ್ತು. ಇಷ್ಟು ಚಿಕ್ಕ ಜಾಗ ಅಷ್ಟು ಹೊತ್ತು ತಡ್ಕೊಂಡಿದೆ ಅಂದ್ರೆ ಭಾರ ಮಿತಿಯೊಳಗೇ ಇತ್ತು."

ನಾನು ಮೇಜು ಗುದ್ದಿದೆ. "ಕೇಳಿಸ್ತಾ ಸಾರ್?"

"ನಾನೇನು ಕಿವುಡನಲ್ಲ," ಎಂದರು ಮ್ಯಾನೇಜರ್. "ಮಿತಿಯೊಳಗೇ ಇದ್ರೆ ಬಿರುಕು ಹುಟ್ಟಿದ್ದು ಹೇಗೆ ಮೇಡಂ?"

ಮೇಡಂ ಪಾರದರ್ಶಕ ಪ್ಲಾಸ್ಟಿಕ್ಕಿನ ಎರಡು ಪಟ್ಟಿ ತೆಗೆದರು. ಒಂದು ನುಣ್ಣಗಿತ್ತು. ಇನ್ನೊಂದರ ಅಂಚಿನಲ್ಲಿ ಚೂಪಾದ ಒಂದು ಸಣ್ಣ ಕಚ್ಚು. ಹಿಂದೊಂದು ದೀಪ, ಹಿಂದೆ ಮುಂದೆ ಎರಡು ಕಪ್ಪು ಗಾಜು. ನುಣ್ಣಗಿದ್ದ ಪಟ್ಟಿಯನ್ನು ಗಾಜುಗಳ ನಡುವೆ ಹಿಡಿದು, "ಬಗ್ಗಿಸಿ," ಎಂದು ನನ್ನ ಕೈಗೆ ಕೊಟ್ಟರು. ಬಗ್ಗಿಸಿದೆ. ಪ್ಲಾಸ್ಟಿಕ್ಕಿನೊಳಗೆ ಬಣ್ಣದ ಪಟ್ಟೆಗಳು ಎದ್ದು ಉದ್ದಕ್ಕೂ ಸಮನಾಗಿ ಹರಡಿಕೊಂಡವು.

"ಪಟ್ಟೆ ಎಲ್ಲಿ ಒತ್ತೊತ್ತಾಗಿ ಕೂರುತ್ತೋ ಅಲ್ಲಿ ಒತ್ತಡ ಜಾಸ್ತಿ. ಈಗ ಇದನ್ನ ಬಗ್ಗಿಸಿ."

ಕಚ್ಚಿನ ಪಟ್ಟಿಯನ್ನು ಅಷ್ಟೇ ಬಗ್ಗಿಸಿದೆ. ಬಣ್ಣಗಳೆಲ್ಲ ಕಚ್ಚಿನ ತುದಿಗೆ ಓಡಿ ಹೋಗಿ, ಬಸ್ಸಿನ ಬಾಗಿಲಿಗೆ ಜನ ಮುತ್ತಿದ ಹಾಗೆ ಒಂದರ ಮೇಲೊಂದು ನುಗ್ಗಿದವು. ನನ್ನ ಕೈಗೆ ಎರಡೂ ಒಂದೇ ಬಲ. ಆ ಕಚ್ಚಿಗೆ ಮಾತ್ರ ಮೂರ್ನಾಲ್ಕು ಪಟ್ಟು.

"ಈ ಶಾಫ್ಟಿನಲ್ಲೂ ಅಂಥದ್ದೇ ಇದೆ," ಎಂದರು ಮೇಡಂ. "ಗೇರು ಚಕ್ರದ ಪಕ್ಕದಲ್ಲಿ ಸುತ್ತಲೂ ಒಂದು ಗೀರು. ತಳ ಚೂಪಾಗಿದೆ. ಶಾಫ್ಟ್ ಒಂದು ಸುತ್ತು ತಿರುಗಿದಾಗೆಲ್ಲ ಆ ತಳ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತೆ. ಬಿರುಕು ಹುಟ್ಟಿದ್ದು ಅಲ್ಲೇ. ಈ ಗೀರು ಹೇಗೆ ಬಂತು?"

ಮ್ಯಾನೇಜರ್ ಮುಖ ಅರಳಿತು. "ಮಾಡಿ ಕೊಟ್ಟವರ ಲೇಥಿನಲ್ಲೇ ಬಂದಿರಬೇಕು. ಹಾಗೇ ಬರೀರಿ ಮೇಡಂ. ನಮ್ಮವರದ್ದೂ ತಪ್ಪಿಲ್ಲ, ನಮ್ಮದೂ ಇಲ್ಲ." ಹಾವು ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ನಾನು ನಗುತ್ತಾ ಭಾವನ ಕಡೆ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು. ಮತ್ತೆ ತುಂಡಿನ ಕಡೆ ನೋಡಿದೆ. ಗೀರಿನೊಳಗೆ ಅಲ್ಲಲ್ಲಿ ಕೆಂಪು ಬಣ್ಣ ಅಂಟಿತ್ತು.

ಹಿಂದೊಮ್ಮೆ ಆ ಗೇರು ಸಡಿಲವಾಗಿ ಶಾಫ್ಟಿನ ಮೇಲೆ ಪಕ್ಕಕ್ಕೆ ಸರಿದಿತ್ತು. ನಾವು ಕೂರಿಸಿ ಬಿಗಿ ಮಾಡಿ ಕೊಟ್ಟರೂ ಭಾವನಿಗೆ ನಂಬಿಕೆ ಬರಲಿಲ್ಲ. ಗೇರಿನ ಅಂಚಿಗೆ ಸರಿಯಾಗಿ ಶಾಫ್ಟಿನ ಮೇಲೆ ಕೆಂಪು ಗೆರೆ ಎಳೆದುಕೊಂಡರು. ಬೆಳಗ್ಗೆ ಕ್ಯಾಬಿನ್ ಹತ್ತುವ ಮುಂಚೆ ಗೆರೆ ಕಾಣುತ್ತಿದೆಯೇ ಎಂದು ನೋಡುವುದು ಅವರ ವಾಡಿಕೆ. ಗೇರು ಸರಿದರೆ ಗೆರೆ ಮುಚ್ಚಿಹೋಗುತ್ತದೆ. ಬರೀ ಬಣ್ಣ ಎಂದುಕೊಂಡಿದ್ದೆ ನಾನು. ಎಣ್ಣೆ ಧೂಳಿಗೆ ಬಣ್ಣ ನಿಲ್ಲುವುದಿಲ್ಲವೆಂದು ಈ ಪುಣ್ಯಾತ್ಮ ಮೂರು ಮೂಲೆ ಅರದಿಂದ ಉಜ್ಜಿ ಗೀರು ಕೊರೆದು, ಅದರೊಳಗೆ ಬಣ್ಣ ತುಂಬಿದ್ದರು!

ಮೇಜಿನ ಕೆಳಗೆ ಅವರ ಕಾಲನ್ನು ಬೂಟಿನಿಂದ ಒತ್ತಿ ಹಿಡಿದೆ. ಸುಮ್ಮನಿದ್ದರೆ ಮುಗಿಯಿತು. ಮೇಡಂ ಪೆನ್ನಿನ ಮುಚ್ಚಳ ತೆಗೆದಿದ್ದರು.

ಆಗ ಹೊರಗೆ ಎರಡನೇ ಕ್ರೇನಿನ ಗಂಟೆ ಕೇಳಿತು. ಕರಗಿದ ಕಬ್ಬಿಣದ ಬಕೆಟ್ಟು ಹೊತ್ತು ಹೊರಡುವಾಗ ಹೊಡೆಯುವ ಗಂಟೆ. ಅದನ್ನು ಓಡಿಸುವವನು ಎಲ್ಲರೂ ಕುಳ್ಳ ಎಂದು ಕರೆಯುವ ಹುಡುಗ, ಭಾವನ ಕೈ ಕೆಳಗೆ ಕಲಿತವನು.

ಭಾವ ಕಾಲು ಕಿತ್ತುಕೊಂಡು ಎದ್ದರು. "ಎರಡನೇದು ನಿಲ್ಸಿ ಸಾರ್. ಅದರಲ್ಲೂ ಗೀರಿದೆ. ಎರಡನ್ನೂ ಉಜ್ಜಿದ್ದು ನಾನೇ."

"ಭಾವ, ನೀವು ಸುಮ್ಮನೆ ಕೂತ್ಕೊಳ್ಳಿ," ಎಂದೆ.

"ಕೂತ್ಕೋತೀನಿ ಕಣೋ, ಮೊದಲು ಅವನನ್ನ ಇಳಿಸು. ಬಕೆಟ್ ಕೆಳಗೆ ಜನ ಇದ್ದಾರೆ."

ಮ್ಯಾನೇಜರ್ ಇನ್ನೂ ಕುರ್ಚಿಯಲ್ಲೇ ಇದ್ದರು. ಓಡಿದವನು ನಾನು. ಜನರನ್ನು ಆಚೆ ಅಟ್ಟಿ, ಬಕೆಟ್ಟನ್ನು ನಿಧಾನಕ್ಕೆ ಮರಳಿನ ಮೇಲೆ ಇಳಿಸು ಎಂದು ಕೈ ಬೀಸಿದೆ. ಕುಳ್ಳ ಇಳಿಸಿದ. ಇಳಿಸಿ, "ಕಬ್ಬಿಣ ಆರಿಹೋದ್ರೆ ನಿಮ್ಮಪ್ಪ ಬಂದು ಒಡೀತಾನಾ ಮೇಸ್ತ್ರಿ?" ಎಂದು ಮೇಲಿಂದಲೇ ಕೂಗಿದ.

ಕರೆಂಟು ತೆಗೆಸಿ ಮೇಲೆ ಹತ್ತಿದೆವು. ಮೇಡಮ್ಮೂ ಹತ್ತಿದರು. ಬಣ್ಣ ಕೆರೆದು, ಗೀರಿಗೆ ಸೀಮೆಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ತಡೆದು ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದೆ. ಬರೀ ಗೀರಾದರೆ ಒರೆಸಿದಾಗ ಎಣ್ಣೆ ಹೋಗಿಬಿಡುತ್ತದೆ. ಬಿರುಕಿದ್ದರೆ ಒಳಗಿಂದ ಒಸರುತ್ತದೆ. ಎಲ್ಲರೂ ಪುಡಿಯನ್ನೇ ನೋಡುತ್ತಾ ಕುಕ್ಕರುಗಾಲಲ್ಲಿ ಕುಳಿತಿದ್ದೆವು. ಮೊದಲು ಏನೂ ಇಲ್ಲ. ಆಮೇಲೆ ಬಿಳಿಯ ಮೇಲೆ ಕೂದಲಿನಂಥ ಒದ್ದೆ ಗೆರೆಯೊಂದು ಮೂಡಿ, ಶಾಫ್ಟಿನ ಅರ್ಧ ಸುತ್ತಿಗೆ ಹಬ್ಬಿತು.

ಕುಳ್ಳ ಅದನ್ನು ನೋಡಿ ಭಾವನ ಕಡೆ ತಿರುಗಿದ. "ಗುರುಗಳೇ, ನನ್ನ ಕ್ಷೇಮಕ್ಕೆ ಅಂತ ಮಾಡ್ಕೊಟ್ರಿ ಅಲ್ವಾ ಇದನ್ನ?"

"ಹೌದಪ್ಪಾ."

"ಇನ್ಮೇಲೆ ನನ್ನ ಕ್ಷೇಮ ನೋಡ್ಬೇಡಿ. ಕೈಮುಗೀತೀನಿ."

ಭಾರದ ಆರೋಪ ಬಿದ್ದುಹೋಯಿತು. ಲೈಸೆನ್ಸ್ ಉಳಿಯಿತು. ಆದರೆ ಹೇಳದೆ ಕೇಳದೆ ಶಾಫ್ಟಿಗೆ ಅರ ಹಾಕಿದ್ದಕ್ಕೆ ಮ್ಯಾನೇಜರ್ ಭಾವನನ್ನು ಕ್ಯಾಬಿನ್ನಿನಿಂದ ಇಳಿಸಿ ನೆಲದ ಕೆಲಸಕ್ಕೆ ಹಾಕಿದರು. ಅಚ್ಚಿಗೆ ಸರಪಣಿ ಬಿಗಿದು ಕೊಕ್ಕೆಗೆ ಸಿಕ್ಕಿಸುವ ಕೆಲಸ. ನಾನು ಮತ್ತೆ ಜಗಳಕ್ಕೆ ಹೋದೆ. ಬಾಯಿಬಿಟ್ಟು ಹೇಳಿದವನಿಗೇ ಶಿಕ್ಷೆಯಾದರೆ ನಾಳೆ ಯಾವನು ಹೇಳುತ್ತಾನೆ ಎಂದು ಕೇಳಿದೆ. "ಹೇಳಿದ್ದಕ್ಕಲ್ಲ, ಉಜ್ಜಿದ್ದಕ್ಕೆ," ಎಂದರು. ಅವರ ಮಾತು ಸರಿಯಾಗೇ ಇತ್ತು. ಅದಕ್ಕೇ ಇನ್ನಷ್ಟು ಕೂಗಾಡಿ ಬಂದೆ.

ಅಕ್ಕ ಮಾತ್ರ ಗಂಡನನ್ನು ಬಿಟ್ಟು ನನ್ನನ್ನೇ ಹಿಡಿದಳು. "ಪರೀಕ್ಷೆ ಮಾಡಿಸು ಅಂತ ನಿನಗೆ ಯಾರು ಹೇಳಿದ್ರು?"

"ನೀನೇ!"

"ಜಗಳ ಆಡು ಅಂದೆ. ಪರೀಕ್ಷೆ ಮಾಡಿಸು ಅಂದೆನಾ?"

ಭಾವ ಒಳಗಿಂದ, "ಅವನನ್ನ ಬಿಡೇ. ಗಂಟೆ ಕೇಳಿದ ಮೇಲೆ ನಂಗೆ ಕೂರೋಕ್ಕೆ ಆಗ್ಲಿಲ್ಲ, ಅಷ್ಟೇ," ಎಂದರು.

ಹೊಸ ಶಾಫ್ಟುಗಳು ಬಂದವು. ಕುಳ್ಳ ಕ್ಯಾಬಿನ್ ಹತ್ತಿದ. ಭಾವ ಕೆಳಗೆ ಸರಪಣಿ ಬಿಗಿದು, ಎರಡೆರಡು ಸಲ ಎಳೆದು ನೋಡಿ, ದೂರ ಸರಿದು ನಿಂತು ಕೈ ಎತ್ತಿದರು. ಅಚ್ಚು ಮೇಲೆದ್ದಿತು.