ಮೋತಿಯ ಪಾಲಿಗೆ ಬಂದ ಈರುಳ್ಳಿ

ಬಸವನಗುಡಿಯ ಶ್ರೀನಿವಾಸಯ್ಯನವರ ನಾಯಿ ಮೋತಿಗೆ ಮೊಟ್ಟೆಯ ವಾಸನೆಯೂ ತಾಕಬಾರದು. ಏಕಾದಶಿಗೆ ಅದಕ್ಕೂ ಬರೀ ಹಾಲು. "ನಮ್ಮನೆ ನಾಯಿ ಸಾತ್ವಿಕ ಕಣ್ರೀ" ಎಂದು ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಹೇಳುವರು. ಆ ಸಾತ್ವಿಕ ನಾಯಿ ಕಸದ ತೊಟ್ಟಿಯ ಹಿಂದೆ ಮೂಳೆ ಕಡಿಯುವುದನ್ನು ಹೆಂಡತಿ ಅಂಬುಜಮ್ಮ ಕಣ್ಣಾರೆ ಕಂಡಿದ್ದಳು. ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ತೊಂಬತ್ತೆಂಟನೇ ಇಸವಿಯಲ್ಲಿ, ಬೆಲೆ ಏರುತ್ತದೆಂಬ ಸುದ್ದಿ ಕೇಳಿ ಯಜಮಾನರು ಗಾಂಧಿಬಜಾರಿನಿಂದ ಒಂದು ಮೂಟೆ ಈರುಳ್ಳಿ ಹೊರಿಸಿಕೊಂಡು ಬಂದರು. ಮಾರನೇ ದಿನವೇ ಚಾತುರ್ಮಾಸ್ಯ ಶುರು. ನಾಲ್ಕು ತಿಂಗಳು ಆ ಮನೆಯಲ್ಲಿ ಯಾರೂ ಈರುಳ್ಳಿ ತಿನ್ನುವಂತಿಲ್ಲ. ಪಂಚಾಂಗ ಬಾಯಿಪಾಠವಿದ್ದ ಮಹಾನುಭಾವರಿಗೆ ಅದೊಂದು ಮರೆತಿತ್ತು.

"ಹಿತ್ತಲಲ್ಲಿ ಬೇಯಿಸಿ ಮೋತಿಗೆ ಹಾಕ್ತೀನಿ. ವ್ರತ ನಮಗೆ, ನಾಯಿಗಲ್ಲ."

"ನಿನ್ನೆವರೆಗೂ ಅದು ಸಾತ್ವಿಕ ಆಗಿತ್ತಲ್ರೀ?"

"ನಿನಗೇನೇ ಗೊತ್ತು? ತರಕಾರಿ ತಾನೇ? ತರಕಾರಿ ತಿಂದು ಕೆಟ್ಟೋರು ಯಾರಿದಾರೆ?"

ವಾರದೊಳಗೆ ಮೋತಿ ಬೊಗಳುವುದನ್ನೇ ಬಿಟ್ಟಿತು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಮಕ್ಕಳಿಲ್ಲದ ಮನೆಯಲ್ಲಿ ಅಂಬುಜಮ್ಮನ ಸೆರಗಿನ ಹಿಂದೆಯೇ ಸುತ್ತಿ ಬೆಳೆದ ಜೀವ ಅದು. ಯಜಮಾನರು ದೃಷ್ಟಿ ತಾಕಿದೆಯೆಂದು ಮೆಣಸಿನಕಾಯಿ ನಿವಾಳಿಸುತ್ತಿದ್ದರೆ, ಆಕೆ ಆಟೋ ಕರೆಸಿ, ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಾಮರಾಜಪೇಟೆಯ ಪಶುವೈದ್ಯ ವೀರಭದ್ರಯ್ಯನವರ ಬಳಿಗೆ ಹೊರಟಳು. ಯಜಮಾನರೂ ಶಲ್ಯ ಸರಿಮಾಡಿಕೊಂಡು ಹತ್ತಿದರು.

ಡಾಕ್ಟರು ಮೋತಿಯ ತುಟಿ ಎತ್ತಿ ನೋಡಿದರು. "ವಸಡೆಲ್ಲಾ ಬಿಳಚ್ಕೊಂಡಿದೆ. ಈರುಳ್ಳಿ ಏನಾದ್ರೂ ಹಾಕಿದ್ರಾ?"

"ದಿನಾ ಹಾಕಿದಾರೆ" ಎಂದಳು ಅಂಬುಜಮ್ಮ.

"ಅಯ್ಯೋ! ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ ಕಣಮ್ಮ, ರಕ್ತಾನೇ ಹಾಳ್ಮಾಡತ್ತೆ. ಕ್ಯಾರೆಟ್ಟು, ಸಿಹಿಗುಂಬಳ, ಹುರುಳಿಕಾಯಿ ಬೇಯ್ಸಿ ಹಾಕಿ, ಉಪ್ಪು ಖಾರ ಬೇಡ. ಉಳ್ಕೊಳತ್ತೋ ಇಲ್ವೋ, ನೋಡೋಣ."

ಶ್ರೀನಿವಾಸಯ್ಯನವರ ಮುಖ ಅರಳಿತು. "ನೋಡಿದ್ಯೇನೇ? ಇದಕ್ಕೇ ಹಿರಿಯರು ಈರುಳ್ಳಿ ಬಿಡಿ ಅಂದಿದ್ದು!"

ಅಂಬುಜಮ್ಮ ಮೋತಿಯನ್ನು ಎತ್ತಿಕೊಂಡು ಆಟೋ ಹತ್ತಿದಳು. ಸೂಜಿ, ಔಷಧಿ, ಸಿಹಿಗುಂಬಳವೆಂದು ದಿನಗಳು ಉರುಳಿದವು. ಕೊನೆಗೊಂದು ಬೆಳಿಗ್ಗೆ ಮೋತಿ ಎದ್ದು ಪೋಸ್ಟ್‌ಮ್ಯಾನಿಗೆ ಬೊಗಳಿತು. ಆಕೆ ಕಣ್ಣೊರೆಸಿಕೊಂಡು ನೇರ ಅಡುಗೆಮನೆಗೆ ಹೋದಳು.

ಮಧ್ಯಾಹ್ನ ಯಜಮಾನರ ಎಲೆಯ ತುಂಬ ಈರುಳ್ಳಿ ಹುಳಿ.

"ಏನೇ ಇದು! ಚಾತುರ್ಮಾಸ್ಯ!"

"ತರಕಾರಿ ತಾನೇ? ಮೂಟೆ ಇನ್ನೂ ಮುಕ್ಕಾಲು ಪಾಲು ಹಾಗೇ ಇದೆ. ನಾಯಿಗಾಗಲ್ಲ ಅಂದ್ರು ಡಾಕ್ಟ್ರು, ನಿಮಗಾಗಲ್ಲ ಅನ್ನಲಿಲ್ಲ."

ಯಜಮಾನರು ಎಲೆ ಬಿಟ್ಟೆದ್ದರು. ಬಾಗಿಲಲ್ಲಿ ಮೋತಿ ಸಿಹಿಗುಂಬಳ ತಿಂದು ತಟ್ಟೆ ನೆಕ್ಕುತ್ತಿತ್ತು. ಅವರು ದಾಟಿಕೊಂಡು ಹೋದರೂ ತಲೆ ಎತ್ತಲಿಲ್ಲ.