ಉಫ್ ಎಂದರೂ ಹಾರದ ಪುಡಿ

ಕೋಟು ಹೊಲಿಯುವ ಅಂಗಡಿಯಲ್ಲಿ ಬಿಳಿ ಪುಡಿ ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಚಾಕ್ ಪುಡಿ ತಾನೇ! ಕಪ್ಪು ಬಟ್ಟೆಗೆ ಗುರುತು ಹಾಕುವುದೇ ಬಿಳಿ ಚಾಕ್‌ನಲ್ಲಿ. ಮೇಜಿನ ಮೇಲೂ ಅದೇ, ಕತ್ತರಿಯ ಮೇಲೂ ಅದೇ, ಕಟಿಂಗ್ ಮಾಸ್ಟರ್ ಮೀಸೆಯ ಮೇಲೂ ಅದೇ.

ಹಾಗಾಗಿ ಕೋಟಕ್ಕನ ಭುಜದ ಮೇಲೆ ಬಿಳಿ ಪುಡಿ ಉದುರಿದಾಗ ಯಾರಿಗೂ ಅನುಮಾನ ಬರಲಿಲ್ಲ. ಯಾರಾದರೂ ಕಣ್ಣು ಹಾಯಿಸಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಚಾಕ್ ಕಣ್ರೀ, ಚಾಕ್!" ಎಂದು ಭುಜ ಕೊಡವಿ, ಅವರು ಆ ಕಡೆ ತಿರುಗಿದ ಕೂಡಲೇ ತಲೆಯನ್ನು ಪರಪರ ಕೆರೆದುಕೊಳ್ಳುತ್ತಿದ್ದಳು.

ಕಪ್ಪು ಕೋಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಕೋಟಕ್ಕ ಎಂಬ ಹೆಸರು ಬಂದದ್ದೇ ಹಾಗೆ. ಅವಳು ಕೂರಿಸಿದ ಕಾಲರ್ ಕತ್ತಿನ ಜೊತೆಗೇ ಹುಟ್ಟಿದ ಹಾಗೆ ಕೂರುತ್ತಿತ್ತು.

ಅವತ್ತು ಒಂದು ಹಾಡುಗಾರರ ತಂಡದ ಯಜಮಾನರು ಕೋಟು ಹಾಕಿ ನೋಡಲು ಬಂದರು. ಕನ್ನಡಿ ಮುಂದೆ ನಿಂತು ಎದೆ ಉಬ್ಬಿಸಿದರು. ತಕ್ಷಣ ಮುಖ ಹುಳ್ಳಗಾಯಿತು.

"ಏನ್ರೀ ಇದು, ಕಾಲರ್ ಮೇಲೆ ಹಿಟ್ಟು ಚೆಲ್ಲಿದ್ದೀರಾ?"

"ಚಾಕ್ ಸಾರ್," ಎಂದಳು ಕೋಟಕ್ಕ.

ಮಾಸ್ಟರ್ ಬಗ್ಗಿ ಉಫ್ ಎಂದು ಊದಿದರು. ಪುಡಿ ಜಪ್ಪಯ್ಯ ಅಂದರೂ ಹಾರಲಿಲ್ಲ. ಇನ್ನೊಮ್ಮೆ ಊದಿದರು. ಊಹೂಂ. ಬೆರಳಲ್ಲಿ ಉಜ್ಜಿದರೆ ಜಿಡ್ಡು! ಅಂಗಡಿಯಲ್ಲಿದ್ದ ಎಲ್ಲರ ಮಿಷಿನ್ನೂ ಒಮ್ಮೆಲೇ ನಿಂತಿತು. ಕೋಟಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಜಮಾನರು ಹೋದ ಮೇಲೆ ಮಾಸ್ಟರ್ ದನಿ ತಗ್ಗಿಸಿ ಹೇಳಿದರು. "ಚಾಕ್ ಆಗಿದ್ರೆ ಊದಿದ್ರೆ ಹಾರ್ಬೇಕಿತ್ತಮ್ಮ. ಇದು ನಿನ್ನ ತಲೆ ಹೊಟ್ಟು. ಸದ್ಯಕ್ಕೆ ನೀನು ಗುಂಡಿ ಹೊಲಿ, ಕಾಜಾ ಮಾಡು. ಮುಂದಿನ ತಿಂಗಳ ಕೊನೆಗೆ ಇವರದೇ ಇನ್ನೊಂದು ಆರ್ಡರ್ ಇದೆ. ಅಷ್ಟರೊಳಗೆ ಸರಿಮಾಡ್ಕೊಂಡ್ರೆ ಕಪ್ಪು ಬಟ್ಟೆ ನಿನ್ನ ಟೇಬಲ್‌ಗೆ. ಇಲ್ಲಾಂದ್ರೆ ಬೇರೆಯವರಿಗೆ."

ಕೋಟಕ್ಕ ಹಲ್ಲು ಕಚ್ಚಿ ಮನೆಗೆ ಬಂದಳು. ಆ ಟೇಬಲ್ ಬಿಟ್ಟುಕೊಡುವ ಮಾತೇ ಇಲ್ಲ!

ಮನೆಯಲ್ಲಿ ಅತ್ತೆ ಎಣ್ಣೆ ಬಟ್ಟಲು ಹಿಡಿದು ತಯಾರಾಗಿ ಕೂತಿದ್ದರು. "ತಲೆ ಒಣಗಿ ಬಿರುಕು ಬಿಟ್ಟಿದೆ, ಅದಕ್ಕೇ ಹೊಟ್ಟು. ಬಾ, ಚೆನ್ನಾಗಿ ಎಣ್ಣೆ ತಟ್ತೀನಿ. ರಾತ್ರಿಯೆಲ್ಲ ಇರಲಿ."

"ದಿನಾ ತಟ್ತಾನೇ ಇದ್ದೀರಲ್ಲ ಅತ್ತೆ. ಹೊಟ್ಟು ದಪ್ಪ ಆಯ್ತೇ ಹೊರತು ಹೋಗ್ಲಿಲ್ಲ."

"ಹಾಗಾದ್ರೆ ನಿಂಬೆಹಣ್ಣು ಉಜ್ಜು."

"ಉಜ್ಜಿದೆ. ಉರಿ ತಡೆಯೋಕಾಗದೆ ಕುಣಿದೆ."

ಅಷ್ಟರಲ್ಲಿ ನಾದಿನಿ ಬಂದಳು. ಪಕ್ಕದ ಬೀದಿಯಲ್ಲೇ ಅವಳ ಮನೆ. ಓದಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಮ್ಮನ ಬಾಯಲ್ಲಿ ಮಾತ್ರ ಅವಳು 'ಗುಳಿಗೆ ರಾಣಿ'.

"ಬಂದಳಪ್ಪ ಗುಳಿಗೆ ರಾಣಿ," ಎಂದರು ಅತ್ತೆ. "ಇನ್ನು ಎಣ್ಣೆನೂ ವಿಷ ಅಂತಾಳೆ ನೋಡು."

"ವಿಷ ಅಲ್ಲಮ್ಮ, ಊಟ!" ನಾದಿನಿ ಚಪ್ಪಲಿ ಬಿಡುತ್ತಲೇ ನಕ್ಕಳು. "ನೆತ್ತಿ ಮೇಲೆ ಕಣ್ಣಿಗೆ ಕಾಣದ ಬೂಷ್ಟಿನಂಥ ಜೀವಿ ಇರುತ್ತೆ. ನಿನಗೂ ಇದೆ, ನನಗೂ ಇದೆ. ನೆತ್ತಿಯ ಜಿಡ್ಡು ತಿಂದೇ ಅದು ಬದುಕೋದು. ಕೆಲವರ ಚರ್ಮಕ್ಕೆ ಅದರ ಕಾಟ ಆಗಿಬರಲ್ಲ. ತುರಿಕೆ ಶುರುವಾಗುತ್ತೆ, ಚರ್ಮ ಬೇಗ ಬೇಗ ಉದುರುತ್ತೆ. ನೀನು ಎಣ್ಣೆ ತಟ್ಟಿ ಅದಕ್ಕೆ ದಿನಾ ಔತಣ ಹಾಕ್ತಿದ್ದೀಯ."

"ಬೂಷ್ಟಾ? ನನ್ನ ಸೊಸೆ ತಲೆ ಏನು ಹಳಸಿದ ಬ್ರೆಡ್ಡೇನೇ?"

"ಇದು ಕೊಳಕಿನಿಂದ ಬರೋದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ. ನಾಚ್ಕೊಳ್ಳೋ ವಿಷಯನೇ ಅಲ್ಲ."

"ತಲೆ ಒಣಗಿದೆ ಅಷ್ಟೇ," ಅತ್ತೆ ಪಟ್ಟು ಬಿಡಲಿಲ್ಲ.

ಕೋಟಕ್ಕನಿಗೆ ಥಟ್ಟನೆ ಮಾಸ್ಟರ್ ಊದಿದ್ದು ನೆನಪಾಯಿತು. "ಒಣಗಿದ್ರೆ ಉಫ್ ಅಂದ ತಕ್ಷಣ ಹಾರ್ಬೇಕಿತ್ತಲ್ಲ ಅತ್ತೆ? ಹಾರ್ಲೇ ಇಲ್ಲ. ಜಿಡ್ಡಲ್ಲಿ ಅಂಟ್ಕೊಂಡು ಕೂತಿತ್ತು!"

ಅತ್ತೆ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. ಸೋತೆ ಅಂತ ಮಾತ್ರ ಹೇಳಲಿಲ್ಲ.

"ಶಾಂಪೂ ಹಾಕ್ತೀರಾ ಅತ್ತಿಗೆ?" ನಾದಿನಿ ಕೇಳಿದಳು.

"ಹಾಕದೆ ಏನು! ಬಾ ತೋರಿಸ್ತೀನಿ."

ಬಚ್ಚಲಿನ ಕಟ್ಟೆಯ ಮೇಲೆ ಬಾಟ್ಲಿಗಳ ಮೆರವಣಿಗೆಯೇ ನಿಂತಿತ್ತು. ಹಸಿರು, ನೀಲಿ, ಹಳದಿ. ಒಂದರ ಮೇಲೆ ಎಲೆಯ ಚಿತ್ರ, ಒಂದರ ಮೇಲೆ ಹಿಮದ ಬೆಟ್ಟ. ಎಲ್ಲದರ ಮೇಲೂ 'ತಾಜಾ', 'ಹೊಳಪು', 'ಹೊಟ್ಟಿಗೆ ವಿದಾಯ'!

"ಇಷ್ಟು ಜನರ ಕೈಲೂ ವಿದಾಯ ಹೇಳಿಸಿದೆ, ಹೊಟ್ಟು ಹೊರಡಲೇ ಇಲ್ಲ," ಎಂದಳು ಕೋಟಕ್ಕ.

"ಅತ್ತಿಗೆ, ಒಂದು ಕೇಳ್ತೀನಿ. ಕೋಟಿನ ಬಟ್ಟೆ ಉಣ್ಣೆಯದಾ, ನೈಲಾನಿಂದಾ ಅಂತ ಗೊತ್ತಾಗ್ಬೇಕಾದ್ರೆ ಎಲ್ಲಿ ನೋಡ್ತೀರಾ?"

"ಪಕ್ಕದ ಹೊಲಿಗೆ ಒಳಗೆ ಪುಟ್ಟ ಚೀಟಿ ಇರುತ್ತಲ್ಲ, ಅಲ್ಲಿ. ಅದನ್ನ ಹೊಲಿಯೋಳೇ ನಾನು."

"ಕತ್ತಿನ ಹತ್ತಿರ ಚಿನ್ನದ ದಾರದಲ್ಲಿ ದೊಡ್ಡ ಹೆಸರು ಇರುತ್ತಲ್ಲ? ಅದನ್ನ ಓದಲ್ವಾ?"

"ಅಯ್ಯೋ, ಅದು ಬರೀ ಬಿಲ್ಡಪ್ಪು! ನಿಜ ಎಲ್ಲ ಒಳಗಿನ ಚೀಟಿ..." ಕೋಟಕ್ಕನ ಮಾತು ಅಲ್ಲೇ ನಿಂತಿತು. ಅವಳ ಕೈ ತಾನಾಗಿ ಹಸಿರು ಬಾಟ್ಲಿಯನ್ನು ತಿರುಗಿಸಿತು.

ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರ. ಇಷ್ಟು ವರ್ಷ ಬಾಟ್ಲಿಯ ಮುಖ ನೋಡಿಯೇ ಮರುಳಾಗಿದ್ದಳು ಪುಣ್ಯಾತ್ಗಿತ್ತಿ!

ನಾದಿನಿ ಫೋನಿನ ಟಾರ್ಚ್ ಹಿಡಿದು ಓದಿದಳು. "ಮೊದಲನೆಯದು ನೀರು. ಆಮೇಲೆ ನೊರೆ ಬರಿಸೋದು, ಕೊಳೆ ತೆಗೆಯೋದು. ಇದು ಕೂದಲು ನುಣುಪು ಮಾಡೋದು. ಇದು ಸೆಂಟು, ಇದು ಬಣ್ಣ. ಹೊಟ್ಟಿಗೆ ಮದ್ದು ಎಲ್ಲಿದೆ? ಇಲ್ಲವೇ ಇಲ್ಲ!" ನೀಲಿ ಬಾಟ್ಲಿಯದೂ ಅದೇ ಕಥೆ. ಹಳದಿ ಬಾಟ್ಲಿ ತಿರುಗಿಸಿದವಳೇ ಕಿರುಚಿದಳು. "ಸಿಕ್ತು! ಝಿಂಕ್ ಪೈರಿಥಿಯೋನ್. ಎಷ್ಟು ಪರ್ಸೆಂಟ್ ಅಂತಲೂ ಬರೆದಿದ್ದಾರೆ. ಆ ಬೂಷ್ಟನ್ನ ಹತೋಟಿಗೆ ತರೋದು ಇದೇ. ತಾರೀಕೂ ಮುಗಿದಿಲ್ಲ. ಇದನ್ನ ಯಾಕೆ ಮೂಲೆಗೆ ತಳ್ಳಿದ್ರಿ?"

"ಎರಡು ಸಲ ಹಾಕ್ದೆ, ಏನೂ ಆಗ್ಲಿಲ್ಲ."

"ಹಾಕಿ ಎಷ್ಟು ಹೊತ್ತು ಬಿಟ್ರಿ?"

"ಬಿಡೋದಾ? ನೊರೆ ಬಂತು, ತೊಳೆದೆ!"

"ಕಾಲರ್ ಗಟ್ಟಿಯಾಗಿ ನಿಲ್ಲೋಕೆ ಒಳಗೆ ಕ್ಯಾನ್ವಾಸ್ ಬಟ್ಟೆ ಅಂಟಿಸುವಾಗ ಇಸ್ತ್ರಿಪೆಟ್ಟಿಗೆ ಹೀಗೆ ಮುಟ್ಟಿ ಹಾಗೆ ಎತ್ತಿದ್ರೆ?"

"ಅಂಟಲ್ಲ, ಗುಳ್ಳೆ ಏಳುತ್ತೆ. ಒತ್ತಿ ಹಿಡಿದು ಕಾಯ್ಬೇಕು," ಎಂದ ಕೋಟಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು!"

"ಅಷ್ಟೇ ಅತ್ತಿಗೆ. ವಾರಕ್ಕೆ ಎರಡು ಮೂರು ಸಲ. ಕೂದಲ ತುದಿಗಲ್ಲ, ನೆತ್ತಿಗೆ ಹಚ್ಚಿ. ಉಗುರು ಬೇಡ, ಬೆರಳ ತುದಿಯಲ್ಲಿ ಉಜ್ಜಿ. ಮೂರರಿಂದ ಐದು ನಿಮಿಷ ಬಿಟ್ಟು ತೊಳೀರಿ. ಕಣ್ಣಿಗೆ ಹೋಗ್ದಿರಲಿ."

"ಬೇರೆ ಮದ್ದು ಇಲ್ವೇನೇ?" ಅತ್ತೆ ಬಾಗಿಲಲ್ಲೇ ನಿಂತು ಕಿವಿ ಚಾಚಿದ್ದರು.

"ಇದೆ. ಪಿರೋಕ್ಟೋನ್ ಒಲಮೈನ್ ಅಂತ ಇದ್ರೆ ಅದೂ ಇದೇ ಕೆಲಸ ಮಾಡುತ್ತೆ. ಸ್ಯಾಲಿಸಿಲಿಕ್ ಆಸಿಡ್ ದಪ್ಪ ಹೊಟ್ಟನ್ನ ಸಡಿಲ ಮಾಡುತ್ತೆ, ಆದ್ರೆ ನೆತ್ತಿ ಒಣಗಿಸಬಹುದು. ಕೀಟೋಕೊನಜೋಲ್ ಇನ್ನೂ ಜೋರು, ಡಾಕ್ಟರನ್ನೋ ನಮ್ಮಂಥೋರನ್ನೋ ಕೇಳಿಯೇ ಹಾಕ್ಬೇಕು. ಸೆಲೆನಿಯಮ್ ಸಲ್ಫೈಡ್ ಇದ್ರೆ ಮಾತ್ರ ಡೈ ಹಚ್ಚೋರು ಹುಷಾರು, ಬಣ್ಣ ಕೆಡಬಹುದು." ಹೇಳುತ್ತಾ ಅವಳು ಅಮ್ಮನ ತಲೆಯನ್ನೇ ನೋಡಿದಳು.

"ನನ್ನನ್ನ ಯಾಕೇ ನೋಡ್ತೀಯ? ನನ್ನದು ಹುಟ್ಟು ಕಪ್ಪು!" ಅತ್ತೆ ಸೆರಗು ತಲೆಗೆ ಎಳೆದುಕೊಂಡು ಅಡುಗೆಮನೆಗೆ ಓಟ ಕಿತ್ತರು.

ಕೋಟಕ್ಕ ಹಠಕ್ಕೆ ಬಿದ್ದಳು. ನೆತ್ತಿಗೆ ನೊರೆ ಹಚ್ಚಿ ಬಚ್ಚಲಲ್ಲೇ ನಿಲ್ಲುವಳು. ಐದು ನಿಮಿಷ ಎಷ್ಟು ಉದ್ದ ಅಂತ ಆವಾಗಲೇ ಗೊತ್ತಾಗುವುದು! ಕಾಯುತ್ತಾ ನಲ್ಲಿ ಉಜ್ಜಿದಳು, ಬಕೆಟ್ ಉಜ್ಜಿದಳು, ಗೋಡೆಯನ್ನೂ ಉಜ್ಜಿದಳು. ಹೊರಗಿನಿಂದ ಅತ್ತೆ ಬಾಗಿಲು ಬಡಿಯುವರು. "ಒಳಗೇನು ನಿದ್ದೆ ಹೊಡೀತಿದ್ದೀಯೇನೇ?"

"ಕ್ಯಾನ್ವಾಸ್ ಅಂಟ್ತಿದೆ ಅತ್ತೆ!"

ಒಂದು ವಾರ ಕಳೆಯಿತು. ತುರಿಕೆ ತಗ್ಗಿತ್ತು, ಹೊಟ್ಟು ಹಾಗೇ ಇತ್ತು. ಅತ್ತೆ ಎಣ್ಣೆ ಬಟ್ಟಲಿನ ಕಡೆ ಕಣ್ಣು ಹಾಯಿಸಿದರು. ಕೋಟಕ್ಕನ ಮನಸ್ಸೂ ಒಂದು ಗಳಿಗೆ ಅಲ್ಲಾಡಿತು. ಆದರೆ ಅಂಗಡಿಯಲ್ಲಿ ಗುಂಡಿ ಹೊಲಿಯುವಾಗ, ತನ್ನ ಟೇಬಲ್ ಮೇಲೆ ಬೇರೆ ಯಾರೋ ಕಪ್ಪು ಬಟ್ಟೆ ಹರವುವುದು ಕಣ್ಣಿಗೆ ಬೀಳುತ್ತಿತ್ತಲ್ಲ! "ಊಹೂಂ, ನಾಲ್ಕು ವಾರ ಮುಗೀಲಿ," ಎಂದು ಬಟ್ಟಲನ್ನು ತಾನೇ ಎತ್ತಿ ಅಟ್ಟದ ಮೇಲಿಟ್ಟಳು. ಮೂರನೇ ವಾರ ಬಾಚಣಿಗೆಗೆ ಹೊಟ್ಟು ಸಿಗುವುದು ಅಪರೂಪವಾಯಿತು. ನಾಲ್ಕನೇ ವಾರ ದಿಂಬು ಚೊಕ್ಕಟ!

ಮಾಸ್ಟರ್ ಮಾತಿಗೆ ತಪ್ಪಲಿಲ್ಲ. ಆರ್ಡರ್ ಬಂದ ದಿನ ಅವಳ ಭುಜ ನೋಡಿ, ಕಪ್ಪು ಬಟ್ಟೆಯ ಥಾನನ್ನು ಅವಳ ಟೇಬಲ್ ಮೇಲೆ ಧೊಪ್ ಎಂದು ಹಾಕಿದರು.

ಕೋಟು ಸಿದ್ಧವಾಯಿತು. ಯಜಮಾನರು ಮತ್ತೆ ಕನ್ನಡಿ ಮುಂದೆ ನಿಂತರು. ಎದೆ ಉಬ್ಬಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಮತ್ತೆ ಬಿಳೀದು!"

ಹೌದು. ಭುಜದ ಮೇಲೆ ಒಂದು ಬಿಳಿ ಗೆರೆ. ಎಲ್ಲ ಮಿಷಿನ್ನೂ ನಿಂತವು. ಈ ಸಲ ಕೋಟಕ್ಕ ತಲೆ ತಗ್ಗಿಸಲಿಲ್ಲ. ಮುಂದೆ ಬಂದು, ಬಗ್ಗಿ, ಉಫ್ ಎಂದಳು.

ಹಾರಿಹೋಯಿತು.

"ಚಾಕ್ ಸಾರ್!" ಎಂದಳು ಕೋಟಕ್ಕ. ಮಾಸ್ಟರ್ ಮೀಸೆಯೊಳಗೇ ನಕ್ಕರು.

ಆ ಸಂಜೆ ಮನೆಗೆ ಬಂದರೆ ಅತ್ತೆ ಅಂಗಡಿಯಿಂದ ತಂದ ಹೊಸ ಶಾಂಪೂ ಬಾಟ್ಲಿಯನ್ನು ದೀಪದ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ, ಅದರ ಬೆನ್ನು ಓದುತ್ತಿದ್ದರು. "ಬಾರೇ ಇಲ್ಲಿ, ಅಕ್ಷರ ಕಾಣಲ್ಲ. ಆ ಸೆಲೆನಿಯಮ್ಮು ಇದ್ಯಾ ನೋಡು. ನನಗಲ್ಲ, ಸುಮ್ನೆ ಕೇಳ್ದೆ!"

ಈಗ ನಿಮ್ಮ ಸರದಿ. ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಬಚ್ಚಲಿಗೆ ಹೋಗಿ, ಶಾಂಪೂ ಬಾಟ್ಲಿ ತಿರುಗಿಸಿ. ಹೊಟ್ಟಿಗೆ ಮದ್ದು ಅದರಲ್ಲಿದೆಯೇ ಹುಡುಕಿ. ಅಕ್ಷರ ಕಾಣದಿದ್ದರೆ, ಹೆಸರು ಅರ್ಥವಾಗದಿದ್ದರೆ ಔಷಧಿ ಅಂಗಡಿಯಲ್ಲಿ ಕೇಳಿ, ಸಂಕೋಚ ಬೇಡ. ಹಚ್ಚಿದ ಮೇಲೆ ಬಾಟ್ಲಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಹೊಟ್ಟು ಕಡಿಮೆಯಾಯಿತು ಅಂತ ಒಮ್ಮೆಲೇ ಬಿಡಬೇಡಿ, ವಾರಕ್ಕೊಮ್ಮೆ ಮುಂದುವರಿಸಿ. ನಾಲ್ಕು ವಾರವಾದರೂ ಬಗ್ಗದಿದ್ದರೆ, ನೆತ್ತಿ ಕೆಂಪಾಗಿ ರಸ ಒಸರಿದರೆ, ದಪ್ಪ ಪದರ ಕಟ್ಟಿದರೆ, ಕೂದಲು ತುಂಬಾ ಉದುರಿದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಸುರಿಯರು, ಚಿಕ್ಕ ಮಕ್ಕಳಿಗೆ ಹಚ್ಚುವವರು ಮದ್ದಿನ ಶಾಂಪೂ ತರುವ ಮೊದಲೇ ಡಾಕ್ಟರನ್ನು ಕೇಳಿ.

ಬಾಟ್ಲಿಯ ಮುಖ ನೋಡಿ ಮರುಳಾಗಿದ್ದು ಸಾಕು. ಬೆನ್ನು ಓದೋಣ, ಬನ್ನಿ!